ಪೀಠಗಳ ಬೆಟ್ಟದಲ್ಲಿ ಒಬ್ಬ ಸಾರಥಿ

ಡೆಲ್ಫಿಗೆ ಬಂದವರೆಲ್ಲ ತಲೆಯೆತ್ತಿ ಕಂಬಗಳನ್ನು ನೋಡುತ್ತಾರೆ. ತಲೆ ತಗ್ಗಿಸಿ ನೋಡಿ ಎನ್ನುವುದು ನನ್ನ ಸಲಹೆ. ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟು ಏರುದಾರಿ ಹಿಡಿಯುತ್ತಿದ್ದಂತೆ ಎರಡೂ ಬದಿಗೆ ಬೂದು ಬಣ್ಣದ ಚೌಕ ಕಲ್ಲುಗಳು, ಉದ್ದನೆಯ ಜಗಲಿಗಳು, ಅರ್ಧಚಂದ್ರಾಕಾರದ ಕಟ್ಟೆಗಳು ಸಿಗುತ್ತವೆ. ಬಗ್ಗಿ ನೋಡಿದರೆ ಕಲ್ಲಿನ ನೆತ್ತಿಯಲ್ಲಿ ಪಾದದ ಆಕಾರದ ಗುಳಿಗಳು. ಕೆಲವು ಗುಳಿಗಳ ತಳದಲ್ಲಿ ಸೀಸದ ಚೂರು ಇನ್ನೂ ಅಂಟಿಕೊಂಡಿದೆ. ಕಂಚಿನ ಪ್ರತಿಮೆಯ ಪಾದವನ್ನು ಗುಳಿಯೊಳಗೆ ಇಳಿಸಿ, ಕಾಯಿಸಿದ ಸೀಸ ಹೊಯ್ದು ಬಿಗಿ ಮಾಡುತ್ತಿದ್ದ ಕಾಲದ ಗುರುತು ಅದು. ಒಂದು ಗುಳಿ ಇಡೀ ಅಂಗಾಲಿನಷ್ಟಿದ್ದು ಇನ್ನೊಂದು ಬೆರಳ ತುದಿಯಷ್ಟೇ ಇದ್ದರೆ, ಅಲ್ಲಿ ನಿಂತಿದ್ದವನು ಒಂದು ಕಾಲಿಗೆ ಭಾರ ಕೊಟ್ಟು ಮತ್ತೊಂದರ ಹಿಮ್ಮಡಿ ಎತ್ತಿದ್ದ ಎಂದು ತಿಳಿದುಕೊಳ್ಳಬಹುದು. ನಾಲ್ಕು ಗೊರಸಿನ ಗುರುತಿದ್ದರೆ ಕುದುರೆ. ಆಳಿಲ್ಲ, ಕುದುರೆಯಿಲ್ಲ, ನಿಂತ ಭಂಗಿ ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಅಥೆನ್ಸ್‌ನಿಂದ ವಾಯವ್ಯಕ್ಕೆ ಸುಮಾರು 180 ಕಿಲೋಮೀಟರ್. ಬಸ್ಸಿನಲ್ಲಿ ಮೂರು ಗಂಟೆಯ ಹಾದಿ. ಕೊನೆಯ ಒಂದು ಗಂಟೆ ಪಾರ್ನಾಸಸ್ ಬೆಟ್ಟದ ಮಗ್ಗುಲಲ್ಲಿ ಸುತ್ತಿ ಸುತ್ತಿ ಹತ್ತುತ್ತದೆ. ಅರಾಹೋವಾ ಎಂಬ ಊರಿನ ಇಕ್ಕಟ್ಟು ಬೀದಿಯಲ್ಲಿ ಎದುರಿಗೆ ಇನ್ನೊಂದು ಬಸ್ಸು ಬಂದರೆ ಇಬ್ಬರೂ ಚಾಲಕರು ಕನ್ನಡಿ ಮಡಚಿ, ಅಂಗಡಿಯ ಮುಂದೆ ಒಣಹಾಕಿದ ಕಂಬಳಿಗಳನ್ನು ಸವರಿಕೊಂಡು ಹೋಗಬೇಕು. ಅದಾದ ಮೇಲೆ ರಸ್ತೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಬಲಕ್ಕೆ ನೆಟ್ಟಗೆ ನಿಂತ ಬಂಡೆಯ ಗೋಡೆ, ಎಡಕ್ಕೆ ಪ್ಲೀಸ್ಟೋಸ್ ಹೊಳೆಯ ಕಣಿವೆ. ಕಣಿವೆಯ ತುಂಬ ಆಲಿವ್ ಮರಗಳು. ಇಟೆಯಾ ಎಂಬ ಬಂದರಿನವರೆಗೂ, ಅಂದರೆ ಕೊರಿಂಥ್ ಕೊಲ್ಲಿಯ ನೀರು ಮುಟ್ಟುವವರೆಗೂ ಅದೇ ಬೂದುಹಸಿರು. ಹಿಂದೆ ಹಡಗಿನಲ್ಲಿ ಬಂದವರು ಆ ಕೆಳಗಿನಿಂದ ಬೆಟ್ಟ ಹತ್ತಿ ಬರುತ್ತಿದ್ದರು. ನನ್ನ ಜೊತೆಗಿದ್ದ ತಂಗಿ ಕಿಟಕಿಯಿಂದ ಕೆಳಗೆ ನೋಡಿ, "ಅಕ್ಕಾ, ದೇವರನ್ನ ಕೇಳೋಕೆ ಇಷ್ಟು ದೂರ ಹತ್ತಿ ಬಂದವರಿಗೆ ಉತ್ತರ ಏನು ಬಂದರೂ ಸರಿ ಅನ್ನಿಸಿರತ್ತೆ ಬಿಡು" ಎಂದಳು.

ಹೆಚ್ಚಿನ ಪ್ರವಾಸಿಗಳು ನೇರವಾಗಿ ದೊಡ್ಡ ಆವರಣಕ್ಕೆ ಹೋಗುತ್ತಾರೆ. ನಾವು ರಸ್ತೆಯ ಕೆಳಬದಿಯ ಅಥೀನಾ ದೇವಿಯ ಆವರಣದಿಂದ ಶುರುಮಾಡಿದೆವು. ಇಲ್ಲಿರುವ ದುಂಡನೆಯ ಗುಡಿ, ಥೋಲೋಸ್, ಡೆಲ್ಫಿಯ ಪೋಸ್ಟರುಗಳಲ್ಲೆಲ್ಲ ಕಾಣುವಂಥದ್ದು. ಕ್ರಿ.ಪೂ. 380ರ ಸುಮಾರಿಗೆ ಕಟ್ಟಿದ್ದು. ಹೊರಸುತ್ತಿನಲ್ಲಿ 20 ಕಂಬಗಳಿದ್ದವು. ಈಗ ನಿಂತಿರುವ ಮೂರನ್ನು 1938ರಲ್ಲಿ ಎತ್ತಿ ಕೂರಿಸಿದರು. ಯಾವ ದೇವರಿಗೆ, ಯಾವ ಕಾರ್ಯಕ್ಕೆ ಈ ದುಂಡು ಕಟ್ಟಡ ಎಂಬುದು ಇವತ್ತಿಗೂ ವಿದ್ವಾಂಸರ ಜಗಳ. ಪಕ್ಕದಲ್ಲೇ ಅಥೀನಾಳ ಹಳೆಯ ಗುಡಿಯ ತಳಪಾಯದ ಮೇಲೆ ಮನೆಯಷ್ಟು ದೊಡ್ಡ ಬಂಡೆಗಳು ಬಿದ್ದುಕೊಂಡಿವೆ. ಕ್ರಿ.ಪೂ. 480ರಲ್ಲಿ ಪರ್ಷಿಯದ ಸೈನ್ಯ ಲೂಟಿಗೆ ಬಂದಾಗ ಬೆಟ್ಟದಿಂದ ಬಂಡೆಗಳು ತಾವಾಗಿ ಉರುಳಿ ಸೈನಿಕರನ್ನು ಅಟ್ಟಿದವು ಎಂದು ಹೆರೊಡೊಟಸ್ ಬರೆದಿದ್ದಾನೆ. ದೇವರ ಮಹಿಮೆ ಎಂದು ನಕ್ಕು ಮುಂದೆ ಹೋಗುವ ಹಾಗಿಲ್ಲ. ಉತ್ಖನನಕಾರರು ಮಣ್ಣು ತೆಗೆದು ಬಯಲಿಗೆ ತಂದಿದ್ದ ಇದೇ ಗುಡಿಯ ಕಂಬಗಳಲ್ಲಿ ಹೆಚ್ಚಿನವನ್ನು 1905ರಲ್ಲಿ ಮತ್ತೆ ಬಂಡೆಗಳೇ ಉರುಳಿ ಬಂದು ಮುರಿದವು. ಡೆಲ್ಫಿಯ ನೆಲ ಅಲುಗುವ ನೆಲ. ಇಲ್ಲಿ ಕೆಡವುವ ಕೆಲಸವನ್ನು ಮನುಷ್ಯರೂ ಬೆಟ್ಟವೂ ಹಂಚಿಕೊಂಡಿದ್ದಾರೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಕಸ್ಟೇಲಿಯಾ ಬುಗ್ಗೆಯ ಬಳಿ ನೀರು ಕುಡಿದು, ರಸ್ತೆಗುಂಟ ಹತ್ತು ನಿಮಿಷ ನಡೆದರೆ ಅಪೊಲೊನ ದೊಡ್ಡ ಆವರಣ. ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಹತ್ತೂವರೆಯ ನಂತರ ಅಥೆನ್ಸ್‌ನ ದೊಡ್ಡ ಬಸ್ಸುಗಳು ಬಂದಿಳಿಯುತ್ತವೆ; ಆಮೇಲೆ ದಾರಿಯೆಲ್ಲ ಕೊಡೆ ಎತ್ತಿದ ಗೈಡುಗಳು. ನೆರಳು ಕಡಿಮೆ, ಕಲ್ಲು ಜಾರುತ್ತದೆ, ಒಳಗೆ ನೀರು ಮಾರುವುದಿಲ್ಲ. ಸಾವಿರಾರು ವರ್ಷ ಜನರ ಕಾಲು ಸವೆಸಿದ ಚಪ್ಪಡಿಗಳ ಮೇಲೆ ಹವಾಯಿ ಚಪ್ಪಲಿಯಲ್ಲಿ ಬಂದವರ ಪಾಡು ನೋಡಲಾಗದು.

ಈ ದಾರಿಯ ಅಕ್ಕಪಕ್ಕ ಏನಿತ್ತು ಎಂದು ನಮಗೆ ಗೊತ್ತಾಗಿರುವುದು ಮುಖ್ಯವಾಗಿ ಪೌಸಾನಿಯಸ್‌ನಿಂದ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ ಪ್ರವಾಸಿ ಅವನು. ಅವನ ವಿವರಣೆಯನ್ನು ಹಿಡಿದುಕೊಂಡೇ ಪುರಾತತ್ವಜ್ಞರು ಯಾವ ಕಟ್ಟೆ ಯಾರದ್ದೆಂದು ಗುರುತಿಸುತ್ತ ಹೋದರು. ಮೊದಲು ಸಿಗುವುದು ಕೊರ್ಕೀರಾ ದ್ವೀಪದವರು ಕೊಟ್ಟ ಕಂಚಿನ ಗೂಳಿಯ ಪೀಠ. ಅದರ ಕಥೆ ಚೆನ್ನಾಗಿದೆ. ಆ ದ್ವೀಪದಲ್ಲಿ ಗೂಳಿಯೊಂದು ದಿನಾ ಹಿಂಡು ಬಿಟ್ಟು ಕಡಲ ದಂಡೆಗೆ ಹೋಗಿ ಗುಟುರು ಹಾಕುತ್ತಿತ್ತಂತೆ. ದನಗಾಹಿ ಹೋಗಿ ನೋಡಿದರೆ ನೀರಿನ ತುಂಬ ಟ್ಯೂನಾ ಮೀನು. ಎಷ್ಟು ಬಲೆ ಬೀಸಿದರೂ ಮೀನು ಸಿಗಲಿಲ್ಲ. ದೇವರನ್ನು ಕೇಳಿದರು, ಗೂಳಿಯನ್ನು ಬಲಿ ಕೊಟ್ಟ ಮೇಲೆ ಬಲೆ ತುಂಬಿತು. ಆ ಮೀನಿನ ಹಣದಲ್ಲಿ ಹತ್ತನೇ ಒಂದು ಪಾಲಿನಿಂದ ಕಂಚಿನ ಗೂಳಿ ಮಾಡಿಸಿ ಇಲ್ಲಿ ನಿಲ್ಲಿಸಿದರು. ಗೂಳಿ ಹೋಗಿದೆ, ಕಟ್ಟೆ ಇದೆ.

ಇದರ ಮುಂದೆ ಶುರುವಾಗುವುದು ಊರೂರುಗಳ ಹೊಟ್ಟೆಕಿಚ್ಚಿನ ಪ್ರದರ್ಶನ. ಮ್ಯಾರಥಾನ್ ಯುದ್ಧದ ಗೆಲುವಿಗೆ ಅಥೆನ್ಸಿನವರು ಫಿಡಿಯಾಸ್‌ನಿಂದ ಕಂಚಿನ ಪ್ರತಿಮೆಗಳ ಗುಂಪು ಮಾಡಿಸಿ ಇಟ್ಟಿದ್ದರು. ದೇವತೆಗಳ ನಡುವೆ ತಮ್ಮ ಸೇನಾಪತಿ ಮಿಲ್ಟಿಯಾಡಿಸ್‌ನನ್ನೂ ನಿಲ್ಲಿಸಿದ್ದರು. ಕ್ರಿ.ಪೂ. 405ರಲ್ಲಿ ಸ್ಪಾರ್ಟಾ ಸಮುದ್ರಯುದ್ಧದಲ್ಲಿ ಅದೇ ಅಥೆನ್ಸನ್ನು ಸೋಲಿಸಿತು. ಸ್ಪಾರ್ಟಾದ ದಳಪತಿ ಲೈಸಾಂಡರ್ ಇಲ್ಲೇ ಹೆಬ್ಬಾಗಿಲ ಹತ್ತಿರ ಅದಕ್ಕಿಂತ ದೊಡ್ಡ ಗುಂಪನ್ನು ನಿಲ್ಲಿಸಿ, ಸಮುದ್ರದೇವ ಪೊಸೈಡನ್ ತನ್ನ ತಲೆಗೇ ಕಿರೀಟ ತೊಡಿಸುತ್ತಿರುವಂತೆ ಮಾಡಿಸಿಕೊಂಡ. ಮುಂದೆ ಸ್ಪಾರ್ಟಾದ ಸೊಕ್ಕು ಮುರಿದಾಗ ಆರ್ಗೋಸ್‌ನವರು ತಮ್ಮ ಪುರಾಣದ ರಾಜರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಈ ಅರಸರ ಅರ್ಧವೃತ್ತದ ಕಟ್ಟೆ ಇವತ್ತಿಗೂ ಚೊಕ್ಕವಾಗಿ ಉಳಿದಿದೆ. ದೇವರು ಒಬ್ಬನೇ, ಮಾತು ಒಂದೇ, ಹಬ್ಬ ಒಂದೇ. ಆದರೂ ಕಾಣಿಕೆಗಳಲ್ಲಿ ಬಹುಪಾಲು ಗ್ರೀಕರು ಗ್ರೀಕರನ್ನು ಕೊಂದ ಗೆಲುವಿನವು. ಇದು ಮುಜುಗರದ ಸಂಗತಿ ಎಂದು ಇಲ್ಲಿ ಅರ್ಚಕನಾಗಿದ್ದ ಪ್ಲುಟಾರ್ಕ್‌ಗೇ ಅನ್ನಿಸಿತ್ತು. ಅವನ ಬರಹಗಳಲ್ಲಿ ಇನ್ನೊಂದು ತಮಾಷೆಯ ವಿವರವಿದೆ: ದೇವಸ್ಥಾನದ ಹತ್ತಿರ ರಾಜರ ಪ್ರತಿಮೆಗಳ ನಡುವೆ ಎತ್ತರದ ಕಂಬದ ಮೇಲೆ ಫ್ರೈನೆ ಎಂಬ ಗಣಿಕೆಯ ಚಿನ್ನದ ಪ್ರತಿಮೆ ಹೊಳೆಯುತ್ತಿತ್ತಂತೆ. ಮಾಡಿದವನು ಅವಳ ಪ್ರಿಯಕರ, ಶಿಲ್ಪಿ ಪ್ರಾಕ್ಸಿಟೆಲೀಸ್.

ಹಾಗಾದರೆ ಇಷ್ಟೆಲ್ಲ ಲೋಹ ಹೋದದ್ದು ಎಲ್ಲಿಗೆ? ಕ್ರಿಸ್ತಶಕ ಮೊದಲ ಶತಮಾನದಲ್ಲಿ ಬರೆದ ರೋಮಿನ ಪ್ಲಿನಿ, ಡೆಲ್ಫಿಯಲ್ಲಿ ಆಗಲೂ 3,000 ಪ್ರತಿಮೆಗಳಿದ್ದವು ಎಂದು ಲೆಕ್ಕ ಕೊಡುತ್ತಾನೆ. ಅಷ್ಟು ಹೊತ್ತಿಗಾಗಲೇ ಕೈಯಾಡಿಸಿದವರು ಹಲವರು. ಕ್ರಿ.ಪೂ. 356ರಲ್ಲಿ ಪಕ್ಕದ ಫೋಕಿಸ್ ಸೀಮೆಯವರೇ ದೇವಸ್ಥಾನ ಹಿಡಿದುಕೊಂಡು, ಕೂಲಿ ಸೈನಿಕರ ಸಂಬಳಕ್ಕೆಂದು ಚಿನ್ನ ಬೆಳ್ಳಿಯನ್ನೆಲ್ಲ ಕರಗಿಸಿ ನಾಣ್ಯ ಹೊಡೆಸಿದರು. ಲಿಡಿಯದ ಅರಸ ಕ್ರೀಸಸ್ ಕೊಟ್ಟಿದ್ದ ಚಿನ್ನದ ಇಟ್ಟಿಗೆಗಳೂ ಹಾಗೇ ಹೋದವು. ರೋಮಿನ ಸುಲ್ಲಾ ಮುತ್ತಿಗೆಯ ಖರ್ಚಿಗೆಂದು ಬೊಕ್ಕಸ ಬರಿದು ಮಾಡಿದ. ಚಕ್ರವರ್ತಿ ನೀರೊ 500 ಕಂಚಿನ ಪ್ರತಿಮೆಗಳನ್ನು ಹೊತ್ತೊಯ್ದ ಎನ್ನುತ್ತಾನೆ ಪೌಸಾನಿಯಸ್. ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯ ಅಲಂಕಾರಕ್ಕೆ ಬೇಕಾದ್ದನ್ನು ಆರಿಸಿಕೊಂಡ. ನಾಲ್ಕನೇ ಶತಮಾನದ ಕೊನೆಗೆ ಹಳೆಯ ಪೂಜೆಗಳಿಗೇ ನಿಷೇಧ ಬಂತು; ಕಾವಲಿಲ್ಲದ ಕಂಚು ಪಾತ್ರೆಯಾಗಿ, ನಾಣ್ಯವಾಗಿ, ಆಯುಧವಾಗಿ ಕರಗಿತು. ಕಂಚಿನ ಕಷ್ಟವೇ ಅದು. ಒಡೆದ ಅಮೃತಶಿಲೆಯ ಕೈಕಾಲು ಯಾರಿಗೂ ಬೇಡ, ಸುಣ್ಣ ಸುಡುವವನೊಬ್ಬನನ್ನು ಬಿಟ್ಟರೆ. ಕಂಚಿನ ತುಂಡಿಗೆ ಯಾವ ಕಾಲದಲ್ಲೂ ಬೆಲೆ ಉಂಟು.

ಪ್ರತಿಮೆಗಳು ಮುಗಿದ ಮೇಲೆ ಜನ ಗೋಡೆಗೆ ಕೈಹಾಕಿದರು. ಗ್ರೀಕರು ಗಾರೆಯಿಲ್ಲದೆ ಕಟ್ಟುತ್ತಿದ್ದರು. ಕಲ್ಲಿಗೆ ಕಲ್ಲು ಜೋಡಿಸಿ ನಡುವೆ ಕಬ್ಬಿಣದ ಕೊಂಡಿ ಹಾಕಿ, ತುಕ್ಕು ಹಿಡಿಯದಂತೆ ಸುತ್ತ ಸೀಸ ಹೊಯ್ಯುತ್ತಿದ್ದರು. ಆ ಒಂದು ಹಿಡಿ ಲೋಹಕ್ಕಾಗಿ ಉಳಿ ಹಿಡಿದು ಕಲ್ಲಿನ ಅಂಚು ಒಡೆದವರ ಗುರುತು ಆವರಣದ ತುಂಬ ಇದೆ. ಸಂದಿಯ ಹತ್ತಿರ ಇಲಿ ಕೊರೆದಂಥ ತೂತು ಕಂಡರೆ ಅದೇ ಎಂದುಕೊಳ್ಳಿ. ಕೊಂಡಿ ಕಿತ್ತ ಗೋಡೆ ಮುಂದಿನ ಭೂಕಂಪಕ್ಕೆ ನಿಲ್ಲಲಿಲ್ಲ.

ದೇವಸ್ಥಾನದ ಮುಂದೆ ಒಂದು ಕಡೆ ಕಂಚಿನ ಸರ್ಪಸ್ತಂಭ ನಿಂತಿದೆ. ಹೊಸದು; ನಕಲು. ಕ್ರಿ.ಪೂ. 479ರಲ್ಲಿ ಪ್ಲಟಾಯಿಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಗ್ರೀಕ್ ಊರುಗಳು ಒಟ್ಟಾಗಿ ಕೊಟ್ಟ ಕಾಣಿಕೆ ಅದರ ಮೂಲ. ಮೂರು ಹಾವುಗಳು ಹೆಣೆದುಕೊಂಡು ಮೇಲೇರಿ, ಹೆಡೆಗಳ ಮೇಲೆ ಚಿನ್ನದ ಮುಕ್ಕಾಲಿ ಪೀಠವನ್ನು ಹೊತ್ತಿದ್ದವು. ಹಾವಿನ ಸುರುಳಿಗಳ ಮೇಲೆ ಕಾದಿದ 31 ಊರುಗಳ ಹೆಸರುಗಳನ್ನು ಕೊರೆದಿದ್ದರು. ಚಿನ್ನ ಫೋಕಿಸ್‌ನವರ ಪಾಲಾಯಿತು. ಹಾವುಗಳು ಕಾನ್‌ಸ್ಟಂಟೈನ್ ಜೊತೆ ಹೋಗಿ ಇಸ್ತಾಂಬುಲ್‌ನ ಹಳೆಯ ಕುದುರೆ ಓಟದ ಬಯಲಿನಲ್ಲಿ, ನೀಲಿ ಮಸೀದಿಯ ಪಕ್ಕ, ತಲೆಯಿಲ್ಲದೆ ಇಂದಿಗೂ ನಿಂತಿವೆ. ಒಂದು ತಲೆಯ ತುಂಡು ಅಲ್ಲಿನ ಸಂಗ್ರಹಾಲಯದಲ್ಲಿದೆ. ಆ ಊರಿಗೆ ಹೋದವರು ಇದನ್ನು ಯಾವುದೋ ಕಬ್ಬಿಣದ ಕೊಳವೆ ಎಂದುಕೊಂಡು ದಾಟಿ ಹೋಗುವುದೇ ಹೆಚ್ಚು. ಡೆಲ್ಫಿಯ ಅತ್ಯಂತ ಮಹತ್ವದ ಯುದ್ಧಕಾಣಿಕೆ ಅದು.

ಇಷ್ಟು ಹತ್ತುವ ಮೊದಲು ದಾರಿಯ ತಿರುವಿನಲ್ಲಿ ಅಥೆನ್ಸಿನವರ ಭಂಡಾರ ಸಿಗುತ್ತದೆ. ಒಂದು ಕೋಣೆಯ ಪುಟ್ಟ ಗುಡಿಯಂಥ ಕಟ್ಟಡ. ಪರೋಸ್ ದ್ವೀಪದ ಅಮೃತಶಿಲೆ. ಬಿದ್ದಿದ್ದ ಕಲ್ಲುಗಳನ್ನೇ ಜೋಡಿಸಿ 1903ರಿಂದ 1906ರವರೆಗೆ ಮತ್ತೆ ಕಟ್ಟಿದರು. ಖರ್ಚು ಕೊಟ್ಟದ್ದು ಅಥೆನ್ಸ್ ನಗರಸಭೆ. ಇದರ ಗೋಡೆಯ ಮೇಲೆ ಅಪೊಲೊನ ಸ್ತೋತ್ರಗಳನ್ನು ಸ್ವರಲಿಪಿ ಸಮೇತ ಕೊರೆದಿದ್ದ ಕಲ್ಲುಗಳು ಸಿಕ್ಕವು. ಪ್ರಾಚೀನ ಗ್ರೀಸಿನ ಸಂಗೀತ ಹೇಗಿತ್ತೆಂದು ಹೇಳುವ ಸಾಕ್ಷ್ಯಗಳೇ ಬೆರಳೆಣಿಕೆಯವು. ಅವುಗಳಲ್ಲಿ ಇವು ಅಗ್ರಗಣ್ಯ. ಕಲ್ಲುಗಳು ಈಗ ಸಂಗ್ರಹಾಲಯದಲ್ಲಿವೆ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಗುಡಿಯೂ ಅಲ್ಲ, ಭಂಡಾರವೂ ಅಲ್ಲ. ಗುಡಿಯ ಜಗಲಿಯನ್ನು ಕೆಳಗಿನಿಂದ ತಡೆದು ಹಿಡಿದಿರುವ ಗೋಡೆ. ಕ್ರಿ.ಪೂ. ಆರನೇ ಶತಮಾನದ್ದು. ಇದರಲ್ಲಿ ಒಂದು ಕಲ್ಲೂ ಚೌಕವಿಲ್ಲ. ಪ್ರತಿಯೊಂದರ ಅಂಚೂ ಬಳುಕುತ್ತದೆ. ಪಕ್ಕದ ಕಲ್ಲು ಅದೇ ಬಳುಕಿಗೆ ತಕ್ಕಂತೆ ಬಾಗಿ ಕೂತಿದೆ. ನಡುವೆ ಬ್ಲೇಡು ತೂರುವುದಿಲ್ಲ. ಮೇಲಿನ ದೇವಸ್ಥಾನ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು; ಒಂದಕ್ಕೊಂದು ಕಚ್ಚಿಕೊಂಡ ಈ ಗೋಡೆ ಮಾತ್ರ ಅಲುಗಿ ಅಲುಗಿ ನಿಂತೇ ಇದೆ. ಹತ್ತಿರ ಹೋಗಿ ನೋಡಿದರೆ ಮೈತುಂಬ ಅಕ್ಷರ. ಸಣ್ಣ, ಒತ್ತೊತ್ತಾದ ಗ್ರೀಕ್ ಅಕ್ಷರಗಳ 800ಕ್ಕೂ ಹೆಚ್ಚು ಶಾಸನಗಳು. ಬಹುಪಾಲು ಗುಲಾಮರ ಬಿಡುಗಡೆಯ ಪತ್ರಗಳು.

ಇದರ ಏರ್ಪಾಡು ವಿಚಿತ್ರ. ಗುಲಾಮನಿಗೆ ಕಾನೂನಿನಲ್ಲಿ ವ್ಯವಹಾರ ಮಾಡುವ ಹಕ್ಕಿಲ್ಲ; ತನ್ನನ್ನು ತಾನೇ ಕೊಂಡುಕೊಳ್ಳುವಂತಿಲ್ಲ. ಆದ್ದರಿಂದ ಒಡೆಯ ಅವನನ್ನು ಅಪೊಲೊ ದೇವರಿಗೆ ಮಾರುತ್ತಿದ್ದ. ಹಣ ಗುಲಾಮನದೇ, ಕೊಳ್ಳುವವನು ದೇವರು. ದೇವರ ಸೊತ್ತಾದವನನ್ನು ಇನ್ನು ಯಾರೂ ಹಿಡಿಯುವಂತಿಲ್ಲ. ಹೆಸರು, ಬೆಲೆ, ಸಾಕ್ಷಿಗಳು, ಎಲ್ಲ ಇಲ್ಲಿ ಕೊರೆದು ಬಹಿರಂಗ ಮಾಡಿದರೆ ನಾಳೆ ಒಡೆಯನ ಮಕ್ಕಳು ತಕರಾರು ತೆಗೆಯುವಂತಿಲ್ಲ. ಹಲವು ಪತ್ರಗಳಲ್ಲಿ ಷರತ್ತೂ ಇದೆ: ಒಡೆಯ ಸಾಯುವವರೆಗೆ ಅವನ ಮನೆಯಲ್ಲೇ ಇದ್ದು ಕೆಲಸ ಮಾಡಬೇಕು. ಹಣ ಕೊಟ್ಟ ಮೇಲೂ! ಅದನ್ನು ಕೇಳಿ ತಂಗಿ ಕಣ್ಣರಳಿಸಿದಳು. "ಮತ್ತೆ ಬಿಡುಗಡೆ ಎಂಥದ್ದಕ್ಕಾ?" ಎಂದಳು. ಬಿಡುಗಡೆಯಾದವರಲ್ಲಿ ಹೆಂಗಸರೇ ಹೆಚ್ಚು. ಇಡೀ ಆವರಣದಲ್ಲಿ ರಾಜ, ದಳಪತಿ, ಊರುಗಳ ಹೆಸರು ಮೆರೆಯುವ ಪೀಠಗಳು ಖಾಲಿ ಬಿದ್ದಿವೆ. ಇವರ ಹೆಸರುಗಳು ಗೋಡೆ ಬಿಟ್ಟು ಕದಲಿಲ್ಲ. ಕೈಗೆಟಕುವ ಎತ್ತರದಲ್ಲಿವೆ, ಮುಟ್ಟಬಾರದು. ಮುಟ್ಟಿದರೆ ಎಲ್ಲಿಂದಲೋ ಕಾವಲುಗಾರರ ಸೀಟಿ ಕೇಳುತ್ತದೆ.

ಇನ್ನು ಅಪೊಲೊನ ದೇವಸ್ಥಾನ. ಪೂರ್ವದ ಇಳಿಜಾರು ಕಟ್ಟೆಯೇರಿ ನಿಂತರೆ ಉದ್ದ ಸುಮಾರು 60 ಮೀಟರ್, ಅಗಲ 24 ಮೀಟರಿನಷ್ಟು ತಳಪಾಯ, ಒಂದು ಮೂಲೆಯಲ್ಲಿ ಫ್ರೆಂಚರು ಎತ್ತಿ ನಿಲ್ಲಿಸಿದ ಆರು ಕಂಬಗಳು. ಅವೂ ಎಲ್ಲ ಪೂರ್ತಿ ಎತ್ತರದವಲ್ಲ. ಹಿಂದೆ ಅಗಲಕ್ಕೆ 6, ಉದ್ದಕ್ಕೆ 15 ಕಂಬಗಳಿದ್ದವು. ಈಗ ಕಾಣುವುದು ಕ್ರಿ.ಪೂ. 330ರ ಹೊತ್ತಿಗೆ ಮುಗಿದ ಕಟ್ಟಡ. ಅದಕ್ಕೆ ಹಿಂದಿನದನ್ನು ಕ್ರಿ.ಪೂ. 373ರ ಭೂಕಂಪ ಕೆಡವಿತ್ತು. ಅದಕ್ಕೂ ಹಿಂದಿನದು ಕ್ರಿ.ಪೂ. 548ರಲ್ಲಿ ಸುಟ್ಟುಹೋಗಿತ್ತು. ಕಡೆಯ ಸಲದ ಜೀರ್ಣೋದ್ಧಾರದ ಲೆಕ್ಕಪತ್ರಗಳು ಕಲ್ಲಿನ ಮೇಲೆ ಉಳಿದಿವೆ. ದೊಡ್ಡ ಊರುಗಳು ಕೊಟ್ಟ ಮೊತ್ತದ ಜೊತೆ ಚಿಲ್ಲರೆ ಕಾಸು ಕೊಟ್ಟವರ ಹೆಸರನ್ನೂ ಬರೆದಿಟ್ಟಿದ್ದಾರೆ.

ಒಳಗಿನ ಕೋಣೆಯಲ್ಲಿ ಪಿಥಿಯಾ ಎಂಬ ಪೂಜಾರಿಣಿ ಮೂರು ಕಾಲಿನ ಪೀಠದ ಮೇಲೆ ಕೂತು ದೇವರ ಮಾತು ಆಡುತ್ತಿದ್ದಳು. ಯುದ್ಧ ಮಾಡಲೇ, ಹೊಸ ಊರು ಎಲ್ಲಿ ಕಟ್ಟಲಿ, ಮಕ್ಕಳಾಗುತ್ತವೆಯೇ ಎಂದು ಕೇಳಲು ಜನ ಬರುತ್ತಿದ್ದರು. ಕ್ರೀಸಸ್‌ಗೆ ಸಿಕ್ಕ ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದು: ನೀನು ಪರ್ಷಿಯದ ಮೇಲೆ ಏರಿಹೋದರೆ ಒಂದು ದೊಡ್ಡ ರಾಜ್ಯ ಅಳಿಯುತ್ತದೆ. ಏರಿಹೋದ, ಅಳಿದದ್ದು ಅವನದೇ ರಾಜ್ಯ. ನೆಲದ ಬಿರುಕಿನಿಂದ ಬರುತ್ತಿದ್ದ ಆವಿ ಅವಳಿಗೆ ಮೈದುಂಬಿಸುತ್ತಿತ್ತು ಎಂಬ ಮಾತಿಗೆ ಭೂವಿಜ್ಞಾನಿಗಳು ಈಚೆಗೆ ಬೆಂಬಲವಾಗಿಯೂ ವಿರೋಧವಾಗಿಯೂ ಬರೆದಿದ್ದಾರೆ. ನಿಂತು ಇಣುಕಿದರೆ ಯಾವ ಬಿರುಕೂ ಕಾಣದು. ಹಗ್ಗದಾಚೆ ಹುಲ್ಲು, ಬಂಡೆಯ ಮೇಲೆ ಓಡಾಡುತ್ತ ಗಂಟಲು ಹರಿಯುವಂತೆ ಕೂಗುವ ಪುಟ್ಟ ಬೂದು ಹಕ್ಕಿ.

ದೇವಸ್ಥಾನದ ಮುಂದಿದ್ದ ಒಂದು ಕಂಬದ ಕಥೆಯನ್ನು ಬಿಡುವಂತಿಲ್ಲ. ಮ್ಯಾಸಿಡೋನಿಯದ ಅರಸ ಪರ್ಸಿಯಸ್ ತನ್ನ ಪ್ರತಿಮೆಗೆಂದು ಎತ್ತರದ ಪೀಠ ಕಟ್ಟಿಸುತ್ತಿದ್ದ. ಅದು ಮುಗಿಯುವಷ್ಟರಲ್ಲಿ, ಕ್ರಿ.ಪೂ. 168ರಲ್ಲಿ, ಪಿಡ್ನಾದಲ್ಲಿ ರೋಮಿನ ಏಮಿಲಿಯಸ್ ಪೌಲಸ್ ಅವನನ್ನು ಸೋಲಿಸಿದ. ಗೆದ್ದವನು ಡೆಲ್ಫಿಗೆ ಬಂದು, ಅರ್ಧಕ್ಕೆ ನಿಂತ ಪೀಠವನ್ನು ಕಂಡು, ಅದರ ಮೇಲೆ ಕುದುರೆಯೇರಿದ ತನ್ನದೇ ಕಂಚಿನ ಪ್ರತಿಮೆಯನ್ನು ಕೂರಿಸಲು ಅಪ್ಪಣೆ ಕೊಟ್ಟ. ಸೋತವರು ಗೆದ್ದವರಿಗೆ ಜಾಗ ಬಿಡಬೇಕಲ್ಲ ಎಂಬ ತರ್ಕ. ಪೀಠದ ಸುತ್ತ ಕೆತ್ತಿಸಿದ ಆ ಯುದ್ಧದ ಚಿತ್ರಪಟ್ಟಿಕೆ ಸಂಗ್ರಹಾಲಯದಲ್ಲಿದೆ. ಕುದುರೆಯೂ ಸವಾರನೂ ಕುಲುಮೆಗೆ ಹೋಗಿದ್ದಾರೆ.

ಮೇಲಕ್ಕೆ ಹತ್ತಿದರೆ ರಂಗಮಂದಿರ: 35 ಸಾಲು, ಸುಮಾರು 5,000 ಜನ ಕೂರುವಷ್ಟು. ಡೆಲ್ಫಿಯ ಅತ್ಯುತ್ತಮ ನೋಟ ಇಲ್ಲಿಂದಲೇ. ದೇವಸ್ಥಾನದ ಕಂಬಗಳ ಆಚೆ ಕಣಿವೆ ಕಾಣುತ್ತದೆ. ಅದಕ್ಕೂ ಮೇಲೆ ಓಟದ ಬಯಲು. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಿಥಿಯನ್ ಕ್ರೀಡೆಗಳಲ್ಲಿ ಓಟಗಾರರು ಇಲ್ಲಿ ಓಡುತ್ತಿದ್ದರು. ರಥಗಳ ಓಟಕ್ಕೆ ಬೆಟ್ಟದಲ್ಲಿ ಜಾಗವೆಲ್ಲಿ? ಅದು ಕೆಳಗೆ, ಕಡಲ ಕಡೆಯ ಬಯಲಿನಲ್ಲಿ ನಡೆಯುತ್ತಿತ್ತು. ಗೆದ್ದವರಿಗೆ ಲಾರೆಲ್ ಎಲೆಯ ಕಿರೀಟ. ಗೆದ್ದವರು ಎಂದರೆ ರಥದ ಒಡೆಯರು. ಜೀವ ಕೈಯಲ್ಲಿ ಹಿಡಿದು ಓಡಿಸಿದವನಲ್ಲ.

ರಂಗಮಂದಿರದಿಂದ ಇಳಿಯುವಾಗ ದೇವಸ್ಥಾನದ ವಾಯವ್ಯ ಮೂಲೆಯ ಮೇಲಿನ ಇಳಿಜಾರನ್ನು ಒಮ್ಮೆ ನೋಡಿ. ಫಲಕವೂ ಇಲ್ಲದ ಸಾದಾ ನೆಲ. 1896ರಲ್ಲಿ ಫ್ರೆಂಚ್ ತಂಡಕ್ಕೆ ರಥದ ಸಾರಥಿ ಸಿಕ್ಕಿದ್ದು ಇಲ್ಲಿ. ಆ ಹೊತ್ತಿಗೆ ಇಲ್ಲಿದ್ದ ಊರೇ ಎದ್ದು ಹೋಗಿತ್ತು. ಅವಶೇಷಗಳ ಮೇಲೆ ಕಸ್ತ್ರಿ ಎಂಬ ಹಳ್ಳಿ ಬೆಳೆದಿತ್ತು. ಗುಡಿಯ ಕಲ್ಲುಗಳೇ ಮನೆಗಳ ಗೋಡೆಗಳಾಗಿದ್ದವು. ಅಗೆಯುವ ಹಕ್ಕಿಗೆ ಹಲವು ದೇಶಗಳು ಕಣ್ಣಿಟ್ಟಿದ್ದವು. ಕೊನೆಗೆ ಫ್ರೆಂಚ್ ಸಂಸತ್ತು 1891ರಲ್ಲಿ 5 ಲಕ್ಷ ಫ್ರಾಂಕ್ ಮಂಜೂರು ಮಾಡಿತು. ಹಳ್ಳಿಯನ್ನು ಪಶ್ಚಿಮಕ್ಕೆ ಎತ್ತಂಗಡಿ ಮಾಡಿದರು. ಇಂದಿನ ಡೆಲ್ಫಿ ಊರು ಅದೇ. ಪರಿಹಾರ ಸಾಲದೆಂದು ಜನ ತಿರುಗಿ ಬಿದ್ದರು. ಶುರುವಿನ ದಿನಗಳಲ್ಲಿ ಸೈನಿಕರ ಕಾವಲಿನಲ್ಲಿ ಅಗೆಯಬೇಕಾಯಿತು. ಥಿಯೊಫಿಲ್ ಒಮೊಲ್ ಮುಂದಾಳತ್ವದಲ್ಲಿ ಹತ್ತು ವರ್ಷ ನಡೆದ ಆ ಕೆಲಸದಲ್ಲಿ ಮಣ್ಣು ಸಾಗಿಸಲು ಹಳಿ ಹಾಕಿ ತಳ್ಳುಗಾಡಿ ಓಡಿಸಿದ್ದರು.

ಆವರಣದಿಂದ ಸಂಗ್ರಹಾಲಯಕ್ಕೆ ಐದು ನಿಮಿಷದ ನಡಿಗೆ. ಮೊದಲು ಸಂಗ್ರಹಾಲಯ, ಆಮೇಲೆ ಬೆಟ್ಟ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಖಾಲಿ ಪೀಠಗಳನ್ನು ನೋಡಿ ಕಣ್ಣು ದಣಿದ ಮೇಲೆಯೇ ಆ ಕೊನೆಯ ಕೋಣೆಗೆ ಹೋಗಬೇಕು. ನಡುವೆ ನಕ್ಸೋಸ್‌ನವರ ಸ್ಫಿಂಕ್ಸ್, ಆರ್ಗೋಸ್‌ನ ಗಟ್ಟಿಮುಟ್ಟಾದ ಅಣ್ಣತಮ್ಮಂದಿರ ಜೋಡಿ, ಸಿಫ್ನೋಸ್ ಭಂಡಾರದ ಕೆತ್ತನೆಪಟ್ಟಿಗಳು, ಬೆಳ್ಳಿಯ ಹೋರಿ, ಎಲ್ಲವೂ ದೊಡ್ಡವೇ. ನಾನು ಅವನ್ನೆಲ್ಲ ಬೇಗ ದಾಟಿದೆ.

ಸಾರಥಿಯ ಎತ್ತರ 1.80 ಮೀಟರ್. ಒಬ್ಬನೇ ನಿಂತಿದ್ದಾನೆ. ಹಿಮ್ಮಡಿಯ ಮೇಲಿನವರೆಗೆ ಇಳಿಬಿದ್ದ ಅಂಗಿ. ಸೊಂಟದ ಮೇಲೆ ಬಿಗಿದ ಪಟ್ಟಿ. ಓಟದ ಗಾಳಿಗೆ ಅಂಗಿ ಉಬ್ಬದಿರಲೆಂದು ಭುಜ ಕಂಕುಳು ಬಳಸಿ ಕಟ್ಟಿದ ದಾರ. ಎಡಗೈ ಇಲ್ಲ. ಬಲಗೈಯಲ್ಲಿ ಲಗಾಮಿನ ತುಂಡುಗಳು ಇನ್ನೂ ಇವೆ. ಸೊಂಟದಿಂದ ಕೆಳಗೆ ಅವನು ತುಸು ಹೆಚ್ಚೇ ಉದ್ದ ಎನ್ನಿಸುತ್ತದೆ. ನೆರಿಗೆಗಳು ಕಂಬದ ಗೀರುಗಳಂತೆ ನೇರ. ಅದಕ್ಕೆ ಕಾರಣ ಅವನು ಒಂಟಿಯಾಗಿ ನಿಲ್ಲಲು ಹುಟ್ಟಿದವನೇ ಅಲ್ಲ. ಮುಂದೆ ನಾಲ್ಕು ಕುದುರೆ, ಅವನ ಸೊಂಟದವರೆಗೆ ಮುಚ್ಚುವ ರಥದ ತೊಟ್ಟಿಲು, ಇಡೀ ಗುಂಪು ಎತ್ತರದ ಪೀಠದ ಮೇಲೆ. ನೋಡುವವರು ಕೆಳಗಿನಿಂದ ನೋಡಬೇಕಿತ್ತು. ಈಗ ನಾವು ನೋಡುತ್ತಿರುವುದು ಯಾರಿಗೂ ಕಾಣಬಾರದಿದ್ದ ಭಾಗವನ್ನೂ ಸೇರಿಸಿ.

ಹಾಗಿರುವಾಗ ಪಾದಗಳನ್ನು ನೋಡಿ. ಬರಿಗಾಲು. ಹಿಮ್ಮಡಿಯ ಮೂಳೆ, ಪಾದದ ಮೇಲಿನ ನರ, ಬೆರಳುಗಳ ಉಗುರು, ಒಂದನ್ನೂ ಬಿಟ್ಟಿಲ್ಲ. ರಥದೊಳಗೆ ಮುಚ್ಚಿಹೋಗುವ ಪಾದಕ್ಕೆ ಇಷ್ಟು ಶ್ರಮ ಯಾಕೆ ಎಂದು ಯಾರಿಗಾದರೂ ಅನ್ನಿಸದಿರದು. ಶಿಲ್ಪಿಯ ಹೆಸರು ಸಿಕ್ಕಿಲ್ಲ. ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ್ದಾನೆ. ಕಿವಿಯ ಹತ್ತಿರ ಗುಂಗುರು ಕೂದಲು ಇಳಿದಿದೆ. ತಲೆಪಟ್ಟಿಯಲ್ಲಿ ಬೆಳ್ಳಿಯ ಚಿತ್ತಾರ. ತುಟಿಗೆ ತಾಮ್ರ. ಬೇರೆ ವಸ್ತುವಿನಲ್ಲಿ ಮಾಡಿ ಕೂರಿಸಿದ ಕಣ್ಣು: ಬಿಳಿ, ಕಂದು, ನಡುವೆ ಕಪ್ಪು. ರೆಪ್ಪೆಗೂದಲನ್ನೂ ತೆಳುವಾದ ಲೋಹದಲ್ಲಿ ಕತ್ತರಿಸಿ ಇಟ್ಟಿದ್ದಾರೆ. ಎರಡೂವರೆ ಸಾವಿರ ವರ್ಷದ ಬಹುತೇಕ ಕಂಚಿನ ಮುಖಗಳಿಗೆ ಈಗ ಕಣ್ಣಿನ ಜಾಗದಲ್ಲಿ ತೂತು, ಇವನು ನೋಡುತ್ತಾನೆ. ಈಗಿನ ಹಸಿರು ಮೈ ಕಿಲುಬಿನದು. ಹೊಸದರಲ್ಲಿ ಈ ಮೈ ಬಿಸಿಲಿಗೆ ಹೊಂಬಣ್ಣ ಹೊಡೆಯುತ್ತಿತ್ತು.

ಎರಕದ ಕ್ರಮವನ್ನು ಹೇಳಬೇಕು. ಇಷ್ಟು ದೊಡ್ಡ ಪ್ರತಿಮೆಯನ್ನು ಒಂದೇ ಸಲ ಹೊಯ್ಯುವುದಿಲ್ಲ. ತಲೆ, ಎದೆ, ಅಂಗಿಯ ಕೆಳಭಾಗ, ಕೈ, ಪಾದ, ಒಂದೊಂದಕ್ಕೂ ಬೇರೆ ಅಚ್ಚು. ಅಚ್ಚಿನ ಒಳಮೈಗೆ ಜೇನುಮೇಣದ ತೆಳು ಪದರ, ಒಳಗೆ ಮಣ್ಣಿನ ತಿರುಳು, ಹೊರಗೆ ಮತ್ತೆ ಮಣ್ಣಿನ ಲೇಪ. ಒಳಗಿನ ತಿರುಳು ಜರುಗದಿರಲೆಂದು ಅಲ್ಲಲ್ಲಿ ಲೋಹದ ಮೊಳೆ. ಸುಟ್ಟಾಗ ಮೇಣ ಕರಗಿ ಹರಿದು ಹೋಗುತ್ತದೆ. ಆ ಸಂದಿಗೆ ಕರಗಿದ ಕಂಚು. ಆರಿದ ಮೇಲೆ ಮಣ್ಣು ಒಡೆದು, ತುಂಡುಗಳಿಗೆ ಬೆಸುಗೆ ಹಾಕಿ, ಬೆಸುಗೆಯ ಗೆರೆ ಕಾಣದಂತೆ ಉಜ್ಜುವುದು. ಮೇಣ ಕರಗಿಸಿ ಎರಕ ಹೊಯ್ಯುವ ಈ ವಿದ್ಯೆ ನಮ್ಮಲ್ಲೂ ಹಳೆಯದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕ ಸಮೇತ ಇದರ ವಿಧಾನ ಇದೆ. ದಕ್ಷಿಣದ ಉತ್ಸವಮೂರ್ತಿಗಳು ಬಹುಮಟ್ಟಿಗೆ ಘನ ಎರಕ. ಆಳೆತ್ತರದ ಪ್ರತಿಮೆಗಳನ್ನು ನೂರುಗಟ್ಟಲೆ ನಿಲ್ಲಿಸಬೇಕಿದ್ದ ಗ್ರೀಕರಿಗೆ ಅಷ್ಟು ಲೋಹ ಪೂರೈಸದು. ಒಳಗೆ ಟೊಳ್ಳು ಬಿಟ್ಟು ಗೋಡೆ ತೆಳುವಾಗಿಸುವುದನ್ನು ಅವರು ಪಳಗಿಸಿಕೊಂಡರು.

ಪಕ್ಕದಲ್ಲಿ ಸುಣ್ಣದ ಕಲ್ಲಿನ ಒಂದು ತುಂಡಿದೆ. ಹೆಚ್ಚಿನವರು ನೋಡದೆ ಹೋಗುತ್ತಾರೆ. ಪೀಠದ ಉಳಿದ ಕಲ್ಲು ಅದು. ಪೊಲಿಜಾಲೋಸ್ ಎಂಬುವನು ಇದನ್ನು ಅರ್ಪಿಸಿದ, ಅಪೊಲೊ ಅವನಿಗೆ ಏಳಿಗೆ ಕೊಡಲಿ ಎಂಬ ಅರ್ಥದ ಬರಹ. ಪೊಲಿಜಾಲೋಸ್ ಸಿಸಿಲಿ ದ್ವೀಪದ ಗೆಲಾ ಊರಿನ ಆಳರಸ. ಅವನ ಅಣ್ಣಂದಿರು ಸಿರಾಕ್ಯೂಸ್ ಆಳಿದ ಗೆಲೋನ್ ಮತ್ತು ಹಿಯೆರೋನ್. ಕ್ರಿ.ಪೂ. 478 ಅಥವಾ 474ರ ಕ್ರೀಡೆಗಳ ಗೆಲುವಿಗೆ ಈ ಕಾಣಿಕೆ ಎಂದು ಲೆಕ್ಕ. ಸ್ವಾರಸ್ಯ ಇರುವುದು ಕಲ್ಲಿನ ಮೊದಲ ಸಾಲಿನಲ್ಲಿ. ಅದನ್ನು ಒಮ್ಮೆ ಕೆರೆದು ಹಾಕಿ ಬೇರೆ ಬರೆದಿದ್ದಾರೆ. ಅಳಿಸಿದ ಅಕ್ಷರಗಳು ಕೆಳಗೆ ಮಸುಕಾಗಿ ಕಾಣುತ್ತವೆ. ಅಲ್ಲಿ ಗೆಲಾದ ಒಡೆಯ ಎಂಬ ಬಿರುದಿತ್ತು. ಸಿಸಿಲಿಯಲ್ಲಿ ಆ ಮನೆತನದ ಆಳ್ವಿಕೆ ಬಿದ್ದಾಗ ಬಿರುದೂ ಹೋಗಿರಬೇಕು ಎನ್ನುವುದು ಒಂದು ಊಹೆ. ಒಡೆಯನ ಹೆಸರಿಗೆ ಇಷ್ಟು ರಗಳೆ. ರಥ ಓಡಿಸಿದ ಹುಡುಗನ ಹೆಸರನ್ನು ಉಳಿದ ಕಲ್ಲು ಹೇಳುವುದಿಲ್ಲ.

ಇವನು ಉಳಿದದ್ದು ಹೇಗೆ? ಕ್ರಿ.ಪೂ. 373ರ ಭೂಕಂಪದಲ್ಲಿ ಬೆಟ್ಟದ ಮಣ್ಣು ಕಲ್ಲು ಜರಿದು ರಥ, ಕುದುರೆ, ಸಾರಥಿ ಎಲ್ಲ ಅದರಡಿ ಸೇರಿದವು. ಗುಡಿಯನ್ನು ಮತ್ತೆ ಕಟ್ಟುವಾಗ ಚೂರುಗಳನ್ನು ತೆಗೆಯುವ ಗೋಜಿಗೆ ಹೋಗದೆ ಮೇಲೆ ತಡೆಗೋಡೆ ಎಬ್ಬಿಸಿ ಮುಚ್ಚಿಬಿಟ್ಟರು. ಹದಿನೇಳು ವರ್ಷದ ನಂತರ ಫೋಕಿಸ್‌ನವರು ಬಂದರು, ಆಮೇಲೆ ಸುಲ್ಲಾ ಬಂದ, ನೀರೊ ಬಂದ, ಕಾನ್‌ಸ್ಟಂಟೈನ್ ಬಂದ. ಇವನು ಮಣ್ಣಿನಲ್ಲಿದ್ದ. ಗುಡಿಯನ್ನು ಕೆಡವಿದ ಭೂಕಂಪವೇ ಇವನನ್ನು ಕಾಪಾಡಿತು.

ಕೋಣೆಯಲ್ಲಿ ಎಲ್ಲರೂ ಇವನ ಪಕ್ಕ ನಿಂತು ಅವನಂತೆಯೇ ಮುಖ ಗಂಟಿಕ್ಕಿ ಫೋಟೋ ತೆಗೆಸಿಕೊಳ್ಳಲು ನೋಡುತ್ತಾರೆ. ಕಾವಲಿನ ಹೆಂಗಸು ಗದರುತ್ತಲೇ ಇರುತ್ತಾರೆ. ಪ್ರತಿಮೆಯ ಚಿತ್ರ ತೆಗೆಯಬಹುದು, ಅದರ ಜೊತೆ ಭಂಗಿ ಕೊಡುವಂತಿಲ್ಲ. ಆ ಗಲಾಟೆಯಲ್ಲಿ ಪಕ್ಕದ ಗಾಜಿನ ಕಪಾಟಿನ ಕಡೆ ಯಾರೂ ತಿರುಗುವುದಿಲ್ಲ. ಅಲ್ಲಿ ಕುದುರೆಯ ಎರಡು ಹಿಂಗಾಲು, ಒಂದು ಬಾಲ, ನೊಗದ ಚೂರು, ಮತ್ತು ಒಂದು ಚಿಕ್ಕ ಹುಡುಗನ ತೋಳು. ಕುದುರೆಯನ್ನು ಹಿಡಿದು ನಿಂತಿದ್ದ ಲಾಯದ ಹುಡುಗನದ್ದಿರಬೇಕು ಎನ್ನುತ್ತಾರೆ.

ಅಥೆನ್ಸ್‌ಗೆ ಮರಳಿದವರು ಅಲ್ಲಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಉಳಿದ ಕಂಚುಗಳನ್ನು ನೋಡಿಯೇ ವಿಮಾನ ಹತ್ತಬೇಕು. ಅವು ಬಹುಪಾಲು ಕಡಲಿನಿಂದ ಬಂದವು: ಆರ್ಟೆಮಿಸಿಯಾನ್ ಭೂಶಿರದ ಬಳಿ 1926 ಮತ್ತು 1928ರಲ್ಲಿ ಮೇಲೆತ್ತಿದ ದೇವರು, ಜ್ಯೂಸ್ ಎನ್ನಿ, ಪೊಸೈಡನ್ ಎನ್ನಿ; ಅದೇ ಹಡಗಿನ ಕುದುರೆ ಮತ್ತು ಪುಟ್ಟ ಸವಾರ; ಮ್ಯಾರಥಾನ್ ಕೊಲ್ಲಿಯಲ್ಲಿ ಬೆಸ್ತರ ಬಲೆಗೆ ಬಿದ್ದ ಹುಡುಗ. ಎಲ್ಲವೂ ಮುಳುಗಿದ ಸರಕು. ಪಿರೇಯಸ್ ಬಂದರಿನ ಸಂಗ್ರಹಾಲಯಕ್ಕೂ ಒಂದು ಅರ್ಧ ದಿನ ಕೊಡಿ. ಅಲ್ಲಿರುವ ಅಪೊಲೊ, ಅಥೀನಾ ಮತ್ತು ಇಬ್ಬರು ಆರ್ಟೆಮಿಸ್‌ರು ಬಂದರಿನ ಗೋದಾಮಿನಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಬೆಂಕಿ ಬಿದ್ದು ಹೂತುಹೋದವರು. 1959ರಲ್ಲಿ ಚರಂಡಿ ಕೊಳವೆ ಹಾಕಲು ರಸ್ತೆ ಅಗೆಯುತ್ತಿದ್ದ ಕೂಲಿಗಳ ಗುದ್ದಲಿಗೆ ಮೊದಲು ತಗುಲಿದ್ದು ಅಪೊಲೊನ ಕೈ.